ಕವಿಯ ಹೆಸರಿನಲ್ಲಿ ಒಂದು ಊಟ

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು 2005ರಲ್ಲಿ ಇದೇ ಶಾಲೆಯಿಂದ ಎಸ್ಸೆಸ್ಸೆಲ್ಸಿ ಮುಗಿಸಿದವನು. ಆಮೇಲೆ ಬಿ.ಇ. ಮಾಡಿ ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ನಡುವೆ ಎರಡು ವರ್ಷ ಕಂಪನಿಯವರು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರಕ್ಕೆ ಕಳಿಸಿದ್ದರು. ಹಾಗಾಗಿ ನಾನು ಕಂಪ್ಯೂಟರ್ ಬಗ್ಗೆಯೋ, ಯಾವ ಕೋರ್ಸ್ ಮಾಡಿದರೆ ಕೆಲಸ ಸಿಗುತ್ತದೆ ಎನ್ನುವುದರ ಬಗ್ಗೆಯೋ ಮಾತಾಡುತ್ತೇನೆ ಎಂದು ನೀವು ಅಂದುಕೊಂಡಿರಬಹುದು. ಅದನ್ನು ಊಟದ ಹೊತ್ತಿನಲ್ಲಿ ಯಾರು ಕೇಳಿದರೂ ಹೇಳುತ್ತೇನೆ. ಇಲ್ಲಿ ನಿಂತು ಹೇಳಬೇಕು ಅನ್ನಿಸಿದ್ದು ಬೇರೆ. ಸ್ಕಾಟ್ಲೆಂಡಿನ ಜನ ವರ್ಷಕ್ಕೊಮ್ಮೆ ಒಬ್ಬ ಕವಿಯ ಹೆಸರಿನಲ್ಲಿ ಸೇರಿ ಊಟ ಮಾಡುತ್ತಾರೆ, ಮಾತಾಡುತ್ತಾರೆ, ಕುಣಿಯುತ್ತಾರೆ. ಅದನ್ನು ಬರ್ನ್ಸ್ ಸಪ್ಪರ್ ಅನ್ನುತ್ತಾರೆ. ನಾವು ಐವತ್ತು ವರ್ಷ ತುಂಬಿದ ಸಂಭ್ರಮದಲ್ಲಿದ್ದೇವೆ. ಅವರು ಈ ಊಟವನ್ನು ಇನ್ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಬಿಡದೆ ನಡೆಸಿಕೊಂಡು ಬಂದಿದ್ದಾರೆ. ಅದು ಹೇಗೆ ಉಳಿಯಿತು ಎನ್ನುವುದು ನಮಗೂ ಬೇಕಾದ ಸಂಗತಿ.

ಮೊದಲು ಆ ಕವಿ ಯಾರು ಎಂದು ಹೇಳುತ್ತೇನೆ. ಅವನ ಹೆಸರು ರಾಬರ್ಟ್ ಬರ್ನ್ಸ್. ಹುಟ್ಟಿದ್ದು 1759ರ ಜನವರಿ 25ರಂದು, ಏರ್‌ಶೈರ್ ಸೀಮೆಯ ಆಲೋವೇ ಎಂಬ ಹಳ್ಳಿಯಲ್ಲಿ. ಅಪ್ಪ ತನ್ನ ಕೈಯಾರೆ ಕಟ್ಟಿದ ಮಣ್ಣಿನ ಗೋಡೆಯ, ಹುಲ್ಲು ಹೊದಿಸಿದ ಮನೆ. ಆ ಮನೆ ಈಗಲೂ ಇದೆ. ನಾನು ಹೋಗಿ ನೋಡಿದ್ದೇನೆ. ಒಂದು ಸೂರಿನ ಕೆಳಗೆ ಒಂದು ಕಡೆ ಮನೆಮಂದಿ, ಇನ್ನೊಂದು ಕಡೆ ದನಕರು. ನಮ್ಮಜ್ಜಿ ನೋಡಿದ್ದರೆ, ‘ಇದೇನೋ ನಮ್ಮ ಹಟ್ಟಿ ಇದ್ದಂಗೇ ಐತಲ್ಲೋ’ ಅಂದುಬಿಡುತ್ತಿದ್ದರು.

ಅಪ್ಪ ಗೇಣಿ ರೈತ. ಒಂದು ಜಮೀನು ಕೈಕೊಟ್ಟರೆ ಇನ್ನೊಂದು ಜಮೀನು, ಅದೂ ಬರಡು. ಕೊನೆಗೆ ಭೂಮಾಲೀಕನ ಜೊತೆ ಕೋರ್ಟು ಕಚೇರಿ ಅಲೆದರು. ಎಡಿನ್‌ಬರೋದ ದೊಡ್ಡ ಕೋರ್ಟಿನಲ್ಲಿ ಕೇಸು ಗೆದ್ದರು, ಗೆದ್ದ ಕೆಲವೇ ವಾರಗಳಲ್ಲಿ, 1784ರ ಫೆಬ್ರವರಿಯಲ್ಲಿ ತೀರಿಕೊಂಡರು. ಬರ್ನ್ಸ್ ಹದಿನೈದು ವರ್ಷಕ್ಕೇ ಹೊಲದ ಕೆಲಸದ ದೊಡ್ಡಾಳು. ನೇಗಿಲಿನ ಕುಳಕ್ಕೆ ಸಿಕ್ಕಿ ಇಲಿಯ ಗೂಡೊಂದು ಒಡೆದುಹೋದದ್ದನ್ನು ಕಂಡು, ಆ ಇಲಿಯನ್ನೇ ಮಾತಾಡಿಸುವ ಹಾಗೆ ಪದ್ಯ ಬರೆದ. ಉಳುಮೆ ಮಾಡಿದವರಿಗೆ ಈ ಪದ್ಯದ ಅರ್ಥ ಹೇಳಿಕೊಡಬೇಕಾಗಿಲ್ಲ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದುಕೊಂಡ ಸಂಗತಿಗೆ ಬರುತ್ತೇನೆ. ಗುರುಗಳು ದಯವಿಟ್ಟು ಕೇಳಿಸಿಕೊಳ್ಳಬೇಕು.

ಬರ್ನ್ಸ್‌ನ ಮೊದಲ ಪುಸ್ತಕ ಬಂದಾಗ ಎಡಿನ್‌ಬರೋದ ಹೆಸರಾಂತ ಲೇಖಕ ಹೆನ್ರಿ ಮೆಕೆಂಜಿ, ಈ ಉಳುವವನಿಗೆ ದೇವರೇ ಪಾಠ ಹೇಳಿದ್ದಾನೆ ಎಂಬರ್ಥದಲ್ಲಿ ಬರೆದರು. ಪೇಟೆಯವರಿಗೆ ಆ ಮಾತು ಬಹಳ ಹಿಡಿಸಿತು. ಹಳ್ಳಿಯ ಹುಡುಗನೊಬ್ಬ ಚೆನ್ನಾಗಿ ಬರೆದರೆ ಅದು ದೇವರ ಪವಾಡವೇ ಆಗಿರಬೇಕು ಎನ್ನುವ ನಂಬಿಕೆ ಅವತ್ತೂ ಇತ್ತು, ಇವತ್ತೂ ಇದೆ. ಆದರೆ ನಡೆದದ್ದು ಹಾಗಲ್ಲ. 1765ರಲ್ಲಿ ಬರ್ನ್ಸ್‌ಗೆ ಆರು ವರ್ಷ. ಅವನಪ್ಪ ಮತ್ತು ಅಕ್ಕಪಕ್ಕದ ನಾಲ್ಕು ಮನೆಯವರು ಮಾತಾಡಿಕೊಂಡು, ಜಾನ್ ಮರ್ಡಾಕ್ ಎಂಬ ಹದಿನೆಂಟು ವರ್ಷದ ಯುವಕನನ್ನು ಮೇಷ್ಟ್ರಾಗಿ ಕರೆತಂದರು. ಸಂಬಳವನ್ನು ಐದು ಮನೆಯವರೂ ಹಂಚಿಕೊಂಡರು. ಮೇಷ್ಟ್ರ ಊಟ, ವಸತಿ ಸರದಿಯ ಮೇಲೆ ಒಂದೊಂದು ಮನೆಯಲ್ಲಿ. ನಮ್ಮ ಕಡೆ ಓದುವ ಹುಡುಗರಿಗೆ ವಾರಾನ್ನ ಇತ್ತು. ಅಲ್ಲಿ ಮೇಷ್ಟ್ರಿಗೇ ವಾರಾನ್ನ!

ಮರ್ಡಾಕ್ ಮೇಷ್ಟ್ರು ವ್ಯಾಕರಣ ಕಲಿಸಿದರು, ಪದ್ಯವನ್ನು ಗದ್ಯಕ್ಕೆ ಬಿಡಿಸುವುದನ್ನು ಕಲಿಸಿದರು, ಅರ್ಥವಾಗದೆ ಬಾಯಿಪಾಠ ಮಾಡಲು ಬಿಡಲಿಲ್ಲ. ಇನ್ನೊಂದು ತಮಾಷೆ ಇದೆ. ಬಹಳ ವರ್ಷಗಳ ನಂತರ ಅವರೇ ಬರೆದಿರುವ ಪ್ರಕಾರ, ತರಗತಿಯಲ್ಲಿ ರಾಬರ್ಟ್‌ನ ಕಿವಿ ತೀರಾ ಮಂದ, ಗಂಟಲಿಗೆ ರಾಗ ಹತ್ತುತ್ತಲೇ ಇರಲಿಲ್ಲ. ಅಣ್ಣತಮ್ಮಂದಿರಲ್ಲಿ ಯಾರು ಕವಿಯಾಗುತ್ತಾರೆ ಎಂದು ಕೇಳಿದ್ದರೆ ಎಲ್ಲರೂ ತಮ್ಮ ಗಿಲ್ಬರ್ಟ್‌ನ ಕಡೆಗೇ ಕೈ ತೋರಿಸುತ್ತಿದ್ದರಂತೆ. ಮುಂದೆ ಅದೇ ರಾಗ ಹತ್ತದ ಹುಡುಗ ತನ್ನ ನಾಡಿನ ಹಾಡುಗಳನ್ನೆಲ್ಲ ಉಳಿಸಿದ. ಕೊನೆಯ ಬೆಂಚಿನವರನ್ನು ನೋಡುವಾಗ ಮೇಷ್ಟ್ರುಗಳು ಈ ಕಥೆಯನ್ನು ನೆನಪಿಗೆ ತಂದುಕೊಳ್ಳಬೇಕು ಅಂತ ವಿನಂತಿ.

ಹಾಡು ಬಂದದ್ದು ತಾಯಿಯಿಂದ. ತಾಯಿ ಆಗ್ನೆಸ್‌ಗೆ ಬರೆಯಲು ಬರುತ್ತಿರಲಿಲ್ಲ, ಆದರೆ ಬಾಯಿ ತುಂಬ ಹಳೆಯ ಹಾಡುಗಳು. ಮನೆಯಲ್ಲಿದ್ದ ಬಂಧುವೊಬ್ಬಾಕೆ ದೆವ್ವ, ಮಾಟಗಾತಿಯರ ಕಥೆಗಳ ಗಣಿ. ಅಂದರೆ ಈ ಕವಿ ಆಕಾಶದಿಂದ ಬೀಳಲಿಲ್ಲ. ಐದು ಮನೆಯ ದುಡ್ಡು, ಒಬ್ಬ ಮೇಷ್ಟ್ರ ಪಾಠ, ಒಬ್ಬ ತಾಯಿಯ ಹಾಡು ಸೇರಿ ಆದವನು.

ಅವನು ಬರೆದ ಭಾಷೆಯ ಬಗ್ಗೆ ಒಂದು ಮಾತು. ಸ್ಕಾಟ್ಲೆಂಡಿನ ತಗ್ಗುಸೀಮೆಯ ಜನರಾಡುವ ಮಾತಿಗೆ ಸ್ಕಾಟ್ಸ್ ಎನ್ನುತ್ತಾರೆ. ಅದು ಇಂಗ್ಲಿಷಿನ ದಾಯಾದಿ, ಆದರೆ ಇಂಗ್ಲಿಷ್ ಅಲ್ಲ. ಬರ್ನ್ಸ್ ಕಾಲದಲ್ಲಿ ಎಡಿನ್‌ಬರೋದ ಓದಿದವರಿಗೆ ಆ ಮಾತು ಬಾಯಿಗೆ ಬಂದರೆ ನಾಚಿಕೆ. ಯಾವ ಯಾವ ಸ್ಕಾಟ್ಸ್ ಪದ ಬಳಸಬಾರದು ಎಂದು ಪಟ್ಟಿ ಮಾಡಿ ಅಚ್ಚು ಹಾಕಿಸಿದ್ದರು. ದೊಡ್ಡ ತತ್ವಜ್ಞಾನಿ ಡೇವಿಡ್ ಹ್ಯೂಮ್ ಕೂಡ ಅಂಥದ್ದೊಂದು ಪಟ್ಟಿ ಮಾಡಿದ್ದರು. ಅಂಥ ಕಾಲದಲ್ಲಿ ಈ ರೈತನ ಮಗ ಹೊಲದ ಮಾತಿನಲ್ಲೇ ಬರೆದ. 1786ರ ಜುಲೈ 31ರಂದು ಕಿಲ್ಮಾರ್ನಾಕ್ ಎಂಬ ಊರಿನಲ್ಲಿ ಅವನ ಪುಸ್ತಕ ಅಚ್ಚಾಯಿತು. 612 ಪ್ರತಿ, ಬೆಲೆ ಮೂರು ಷಿಲ್ಲಿಂಗ್. ಅಚ್ಚಿಗೆ ಮುಂಚೆಯೇ ಗೆಳೆಯರು ಊರೂರು ತಿರುಗಿ ಚಂದಾ ಹಿಡಿದಿದ್ದರು, ನಮ್ಮ ಈ ಸ್ಮರಣ ಸಂಚಿಕೆಗೆ ನಮ್ಮವರು ರಸೀದಿ ಪುಸ್ತಕ ಹಿಡಿದು ತಿರುಗಿದ ಹಾಗೆ. ಸುಮಾರು ಒಂದು ತಿಂಗಳಲ್ಲಿ ಪ್ರತಿಗಳು ಖರ್ಚಾದವು.

ಕೊನೆಯ ವರ್ಷಗಳಲ್ಲಿ ಹೊಟ್ಟೆಪಾಡಿಗೆ ಸುಂಕದ ಇಲಾಖೆಯಲ್ಲಿ ನೌಕರಿ. ಬಿಡುವಿನಲ್ಲಿ ಹಳೆಯ ಹಾಡುಗಳನ್ನು ಹುಡುಕಿ, ಹರಿದದ್ದನ್ನು ಹೊಲಿದು, ಇಲ್ಲದ ನುಡಿ ಸೇರಿಸಿ ಕಳಿಸುವುದು. ಅದಕ್ಕೆ ಸಂಭಾವನೆ ಬೇಡವೆಂದ. 1796ರ ಜುಲೈ 21ರಂದು ಡಂಫ್ರೀಸ್‌ನಲ್ಲಿ ತೀರಿಕೊಂಡ. ವಯಸ್ಸು ಮೂವತ್ತೇಳು. ಅವನನ್ನು ಮಣ್ಣು ಮಾಡಿದ ದಿನವೇ ಅವನ ಹೆಂಡತಿ ಜೀನ್ ಗಂಡುಮಗುವಿಗೆ ಜನ್ಮ ಕೊಟ್ಟಳು.

ಊಟ ಶುರುವಾದದ್ದು ಆಮೇಲೆ. ಅವನು ಸತ್ತ ಐದು ವರ್ಷಕ್ಕೆ, 1801ರ ಜುಲೈನಲ್ಲಿ, ಒಂಬತ್ತು ಜನ ಗೆಳೆಯರು ಅವನು ಹುಟ್ಟಿದ ಅದೇ ಮಣ್ಣಿನ ಮನೆಯಲ್ಲಿ ಸೇರಿದರು. ಆಗ ಅದು ಹೆಂಡದಂಗಡಿ ಆಗಿತ್ತು. ಹ್ಯಾಮಿಲ್ಟನ್ ಪಾಲ್ ಎಂಬ ಪಾದ್ರಿ ಏರ್ಪಾಡು ಮಾಡಿದ್ದು. ಊಟಕ್ಕೆ ಹ್ಯಾಗಿಸ್ ಮತ್ತು ಕುರಿಯ ತಲೆ. ಅವನ ಪದ್ಯ ಓದಿದರು, ಅವನ ಹೆಸರಿನಲ್ಲಿ ಬಟ್ಟಲೆತ್ತಿದರು, ಮುಂದಿನ ವರ್ಷವೂ ಸೇರೋಣ ಎಂದು ಮಾತಾಡಿಕೊಂಡು ಎದ್ದರು. ಅಷ್ಟೇ. ಸರ್ಕಾರದ ಆದೇಶ ಇಲ್ಲ, ಅನುದಾನ ಇಲ್ಲ, ಶಿಲಾನ್ಯಾಸ ಇಲ್ಲ.

ಅದೇ ಹೊತ್ತಿಗೆ ಗ್ರೀನಾಕ್ ಎಂಬ ಬಂದರಿನ ಊರಲ್ಲಿ ಒಂದು ಬರ್ನ್ಸ್ ಕ್ಲಬ್ ಹುಟ್ಟಿತು. ಅವರು 1802ರಲ್ಲಿ ಹುಟ್ಟುಹಬ್ಬದ ಊಟವನ್ನು ಜನವರಿ 29ಕ್ಕೆ ಮಾಡಿದರು. ಮರುವರ್ಷ ದಾಖಲೆ ತೆಗೆಸಿ ನೋಡಿದರೆ ಕವಿ ಹುಟ್ಟಿದ್ದು 25ಕ್ಕೆ! ಇಲ್ಲಿ ಕೂತಿರುವ ಅರ್ಧ ಜನರ ಹುಟ್ಟಿದ ದಿನ ಶಾಲೆಯ ದಾಖಲೆಯಲ್ಲಿ ಜೂನ್ ಒಂದು ಅಂತಲೇ ಇರುವುದರಿಂದ ಇದು ನಮಗೆ ಹೊಸದೇನಲ್ಲ. ಅಂದಿನಿಂದ ಜನವರಿ 25 ನಿಂತಿತು. ಕೆಲಸ ಹುಡುಕಿಕೊಂಡು ಕಡಲು ದಾಟಿದ ಸ್ಕಾಟರು ಹೋದಲ್ಲೆಲ್ಲ ತಮ್ಮದೊಂದು ಸಂಘ ಕಟ್ಟಿದರು, ಸಂಘವಿದ್ದಲ್ಲೆಲ್ಲ ಈ ಊಟ ನಡೆಯಿತು. ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಇವತ್ತಿಗೂ ನಡೆಯುತ್ತದೆ.

ನನ್ನ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರು ಏರ್‌ಶೈರ್‌ನ ಸಣ್ಣ ಊರಿನವರು. ಅವರ ಊರ ಸಂಘದ ವಾರ್ಷಿಕ ಊಟಕ್ಕೆ ನನ್ನನ್ನು ಕರೆದುಕೊಂಡು ಹೋದರು. ಊರ ಸಮುದಾಯ ಭವನ, ಉದ್ದನೆಯ ಮೇಜುಗಳು, ಸುಮಾರು ನೂರು ಜನ. ವಕೀಲರು, ಹಾಲಿನ ಡೇರಿಯವರು, ಬಸ್ ಚಾಲಕರು, ಕಾಲೇಜು ಹುಡುಗರು. ಗಂಡಸರು ಬಹಳ ಜನ ಮಡಿಕೆ ಮಡಿಕೆಯ ಚೌಕಳಿ ಕಿಲ್ಟ್ ಉಟ್ಟಿದ್ದರು.

ಕಾರ್ಯಕ್ರಮಕ್ಕೆ ಒಂದು ಕಟ್ಟುನಿಟ್ಟಿನ ಕ್ರಮ ಇದೆ. ಮೊದಲು ಅಧ್ಯಕ್ಷರ ಸ್ವಾಗತ, ಆಮೇಲೆ ಚಿಕ್ಕದೊಂದು ಪ್ರಾರ್ಥನೆ, ಸೂಪು. ಆಮೇಲೆ ಎಲ್ಲರೂ ಎದ್ದು ನಿಲ್ಲುತ್ತಾರೆ. ಬ್ಯಾಗ್‌ಪೈಪ್ ಊದುವವನು ಮುಂದೆ, ಅಡುಗೆಯವನು ತಟ್ಟೆ ಹೊತ್ತು ಹಿಂದೆ, ದೇವರ ಮೆರವಣಿಗೆಯ ಹಾಗೆ ಹ್ಯಾಗಿಸ್ ಬರುತ್ತದೆ. ಹ್ಯಾಗಿಸ್ ಎಂದರೆ ಕುರಿಯ ಗುಂಡಿಗೆ, ಈಲಿ, ಶ್ವಾಸಕೋಶ ಸಣ್ಣಗೆ ಕೊಚ್ಚಿ, ಓಟ್ಸ್, ಕೊಬ್ಬು, ಈರುಳ್ಳಿ, ಮೆಣಸು ಬೆರೆಸಿ ಕುರಿಯ ಹೊಟ್ಟೆಯ ಚೀಲದಲ್ಲೇ ತುಂಬಿ ಬೇಯಿಸಿದ್ದು. ಮಾರಿಹಬ್ಬದ ಮಾರನೆಯ ದಿನ ಬೋಟಿ ಗೊಜ್ಜಿಗೆ ಕಾಯುವ ನಮ್ಮೂರಿನವರಿಗೆ ಇದರಲ್ಲಿ ಮುಖ ಸಿಂಡರಿಸುವಂಥದ್ದು ಏನೂ ಕಾಣದು. ಉಳ್ಳವರು ಒಳ್ಳೆಯ ಮಾಂಸ ತಿಂದರೆ, ಇಲ್ಲದವರು ಉಳಿದ ಭಾಗಗಳನ್ನು ಹದವಾಗಿ ಅಡುಗೆ ಮಾಡಿ ಹೊಟ್ಟೆ ತುಂಬಿಸಿಕೊಂಡರು. ಆ ಬಡವರ ತಿನಿಸಿನ ಮೇಲೆ ಬರ್ನ್ಸ್ 1786ರಲ್ಲಿ ತಮಾಷೆಯ, ಆದರೆ ಹೆಮ್ಮೆಯ ಪದ್ಯ ಬರೆದ. ಫ್ರಾನ್ಸಿನ ನಾಜೂಕಿನ ಅಡುಗೆ ಉಂಡವನಿಗಿಂತ ಇದನ್ನು ಉಂಡವನೇ ಗಟ್ಟಿಗ ಎನ್ನುವುದು ಅದರ ಧಾಟಿ. ಒಬ್ಬರು ಚೂರಿ ಹಿಡಿದು ಅದನ್ನು ಪೂರ್ತಿ ಬಾಯಿಪಾಠದಿಂದ, ಅಭಿನಯ ಮಾಡುತ್ತ ಹೇಳುತ್ತಾರೆ. ಕೊಯ್ಯುವ ಮಾತು ಬಂದಾಗ ಚೂರಿ ಹ್ಯಾಗಿಸ್‌ಗೆ ಇಳಿಯುತ್ತದೆ, ಆವಿ ಮೇಲೇಳುತ್ತದೆ, ಜನ ಚಪ್ಪಾಳೆ ಹೊಡೆಯುತ್ತಾರೆ. ಅವತ್ತು ಹೇಳಿದವರು ಕೊಳಾಯಿ ರಿಪೇರಿ ಮಾಡುವವರು. ಒಂದು ಪದವೂ ತಪ್ಪಲಿಲ್ಲ.

ಜೊತೆಗೆ ಬೇಯಿಸಿ ಕಿವುಚಿದ ಆಲೂಗಡ್ಡೆ, ಹಳದಿ ಟರ್ನಿಪ್ ಗಡ್ಡೆ. ಮಾಂಸ ತಿನ್ನದವರಿಗೆ ಕಾಳು, ಓಟ್ಸ್, ತರಕಾರಿಯ ಹ್ಯಾಗಿಸ್ ಕೂಡ ಇತ್ತು. ಅದರ ಕಥೆ ಚೆನ್ನಾಗಿದೆ. 1984ರಲ್ಲಿ ಎಡಿನ್‌ಬರೋದಲ್ಲಿ ಸ್ಕಾಟಿಷ್ ಕಾವ್ಯ ಗ್ರಂಥಾಲಯ ತೆರೆದಾಗ, ಮ್ಯಾಕ್‌ಸ್ವೀನ್ ಎಂಬ ಮಾಂಸದ ಅಂಗಡಿಯವರು ಆ ಸಮಾರಂಭಕ್ಕೆಂದೇ ಅದನ್ನು ಮಾಡಿಕೊಟ್ಟರು. ಕವಿತೆಯ ಮನೆಯಲ್ಲಿ ಯಾರೂ ಹಸಿದು ಕೂರಬಾರದು ಅಂತ.

ಊಟದ ನಂತರ ಮುಖ್ಯ ಭಾಷಣ. ಅದಕ್ಕೆ ಅಳಿಯದ ನೆನಪು ಎಂಬ ಅರ್ಥದ ಹೆಸರಿದೆ. ಅವತ್ತು ಮಾತಾಡಿದವರು ನಿವೃತ್ತ ಶಾಲಾ ಶಿಕ್ಷಕಿ. ಹೊಗಳಿಕೆಯಲ್ಲೇ ಮುಗಿಸುತ್ತಾರೆ ಅಂದುಕೊಂಡಿದ್ದೆ, ಹಾಗಾಗಲಿಲ್ಲ. ಮನುಷ್ಯರೆಲ್ಲ ಸಮಾನರು ಎಂದು ಹಾಡಿದ ಇದೇ ಕವಿ, 1786ರಲ್ಲಿ ಬಡತನ ತಾಳಲಾರದೆ ಜಮೈಕಾಕ್ಕೆ ಹೊರಟಿದ್ದ. ಗುಲಾಮರನ್ನು ದುಡಿಸುವ ತೋಟದಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ. ಪುಸ್ತಕ ಗೆದ್ದದ್ದರಿಂದ ಹೋಗಲಿಲ್ಲ. ಹೆಂಗಸರ ವಿಷಯದಲ್ಲಿ ಅವನು ನಡೆದುಕೊಂಡ ರೀತಿಯನ್ನೂ ಆಕೆ ಮುಚ್ಚಿಡಲಿಲ್ಲ. ನೂರು ಜನ ಸದ್ದಿಲ್ಲದೆ ಕೇಳಿದರು. ಕೊನೆಗೆ ಎಲ್ಲರೂ ಎದ್ದು ಅವನ ನೆನಪಿಗೆ ಬಟ್ಟಲೆತ್ತಿದರು. ಪ್ರೀತಿ ಇದ್ದ ಕಡೆ ನಿಜ ಹೇಳಬಹುದು ಎನ್ನುವುದನ್ನು ನಾನು ಅಲ್ಲಿ ಕಂಡೆ. ನಮ್ಮ ದೊಡ್ಡವರ ಜಯಂತಿಗಳಲ್ಲಿ ನಾವು ಹಾರ ಹಾಕುತ್ತೇವೆ, ಜೈಕಾರ ಹಾಕುತ್ತೇವೆ, ಅವರು ಬರೆದದ್ದನ್ನು ಓದುವುದು ಮಾತ್ರ ಕಡಿಮೆ.

ಆಮೇಲೆ ಒಬ್ಬ ಗಂಡಸು ಹೆಂಗಸರ ಬಗ್ಗೆ ತಮಾಷೆಯಾಗಿ ಮಾತಾಡಬೇಕು. ಅದಕ್ಕೆ ಒಬ್ಬ ಹೆಂಗಸು ಉತ್ತರ ಕೊಡಬೇಕು. ಬಹುಕಾಲ ಎಷ್ಟೋ ಸಂಘಗಳ ಊಟಕ್ಕೆ ಗಂಡಸರಿಗಷ್ಟೇ ಪ್ರವೇಶವಿತ್ತಂತೆ. ಅವತ್ತು ಉತ್ತರ ಕೊಟ್ಟ ಹುಡುಗಿ ನರ್ಸ್ ಕೆಲಸ ಮಾಡುವವಳು. ಅವಳು ಕೂತ ಮೇಲೆ ಮೊದಲು ಮಾತಾಡಿದವರು ತಲೆ ಎತ್ತಲಿಲ್ಲ!

ಅಷ್ಟು ಹೊತ್ತಿಗೆ ಮೇಜುಗಳನ್ನು ಗೋಡೆಗೆ ಸರಿಸಿ ಕುಣಿತ ಶುರು. ಅದಕ್ಕೆ ಕೇಲಿ ಎನ್ನುತ್ತಾರೆ. ಪಿಟೀಲು, ಅಕಾರ್ಡಿಯನ್, ಡ್ರಮ್. ಹೆಜ್ಜೆ ಗೊತ್ತಿಲ್ಲದವರಿಗೆ ಒಬ್ಬರು ಮೈಕಿನಲ್ಲಿ ಹೇಳಿಕೊಡುತ್ತಾರೆ. ಒಂದು ಕುಣಿತದಲ್ಲಿ ಮೂವರ ಸಾಲು ಎದುರಿನ ಮೂವರ ಸಾಲಿನ ಜೊತೆ ಸುತ್ತು ಹಾಕಿ, ಕೈ ಎತ್ತಿದವರ ಅಡಿಯಲ್ಲಿ ನುಸುಳಿ ಮುಂದಿನ ಮೂವರನ್ನು ಎದುರಾಗಬೇಕು. ಹೀಗೆ ಸಭಾಂಗಣ ಒಂದು ಸುತ್ತು ಬರುವಷ್ಟರಲ್ಲಿ ಎಲ್ಲರ ಕೈಯನ್ನೂ ಹಿಡಿದಿರುತ್ತೇವೆ. ನಮ್ಮ ಕೋಲಾಟದಲ್ಲಿ ಜೊತೆ ಬದಲಾಗುವ ಹಾಗೆ. ಎಂಬತ್ತರ ಅಜ್ಜಿ ನನ್ನನ್ನು ಎಳೆದುಕೊಂಡು ಹೋಗಿ ಕುಣಿಸಿದರು. ಬರ್ನ್ಸ್ ಕೂಡ ಹರೆಯದಲ್ಲಿ ಅಪ್ಪನಿಗೆ ಇಷ್ಟವಿಲ್ಲದಿದ್ದರೂ ಹಳ್ಳಿಯ ನೃತ್ಯಶಾಲೆಗೆ ಸೇರಿದ್ದನಂತೆ. ಹಾಗಾಗಿ ಕುಣಿತವಿಲ್ಲದೆ ಅವನ ಹಬ್ಬ ಮುಗಿಯುವುದು ಸರಿಯಲ್ಲ.

ಕೊನೆಗೆ ಎಲ್ಲರೂ ದುಂಡಗೆ ನಿಂತು, ಕೈ ಹಿಡಿದು ‘ಆಲ್ಡ್ ಲ್ಯಾಂಗ್ ಸೈನ್’ ಹಾಡುತ್ತಾರೆ. ಹಳೆಯ ಗೆಳೆತನವನ್ನು ನೆನೆಯುವ ಹಾಡು. ಒಬ್ಬ ಮುದುಕ ಹಾಡಿದ್ದನ್ನು ಕೇಳಿ ಬರೆದುಕೊಂಡೆ ಎಂದು ಬರ್ನ್ಸ್ ಹೇಳಿದ್ದಾನೆ. ಕೊನೆಯ ನುಡಿಗೆ ಕೈಗಳನ್ನು ಎದೆಯ ಮೇಲೆ ಅಡ್ಡ ಹಾಕಿ ಪಕ್ಕದವರ ಕೈ ಹಿಡಿಯಬೇಕು. ಇದರ ರಾಗ ನಿಮ್ಮಲ್ಲಿ ಕೆಲವರಿಗೆ ಗೊತ್ತೇ ಇರುತ್ತದೆ. ಡೆಹ್ರಾಡೂನಿನ ಸೇನಾ ಅಕಾಡೆಮಿಯಲ್ಲಿ ತರಬೇತಿ ಮುಗಿಸಿ ಹೊರಬೀಳುವ ಪೆರೇಡಿನಲ್ಲಿ ನುಡಿಸುವ ರಾಗ ಅದೇ. ರವೀಂದ್ರನಾಥ ಠಾಕೂರರು ಅದೇ ರಾಗಕ್ಕೆ ಬಂಗಾಳಿಯಲ್ಲಿ ಹಾಡು ಬರೆದರು. ನಮ್ಮ ಬಿ.ಎಂ.ಶ್ರೀಯವರು ‘ಇಂಗ್ಲಿಷ್ ಗೀತಗಳು’ ಪುಸ್ತಕದಲ್ಲಿ ಬರ್ನ್ಸ್‌ನನ್ನು ಕನ್ನಡಕ್ಕೂ ಕರೆತಂದರು. ಸ್ಕಾಟ್ಲೆಂಡಿನ ಹೊಲದ ಮಾತು ಹೊಸಗನ್ನಡದ ಕವಿತೆಯ ಶುರುವಿನಲ್ಲೂ ಒಂದು ಕಾಳು ಬಿತ್ತಿದೆ ಎಂದರೆ ತಪ್ಪಾಗಲಾರದು.

ಸ್ನೇಹಿತರೇ, ಇಷ್ಟೆಲ್ಲ ಯಾಕೆ ಹೇಳಿದೆ? ಆ ಊಟ ಉಳಿದದ್ದು ದೊಡ್ಡ ದುಡ್ಡಿನಿಂದಲ್ಲ. ಮೂರು ಕಾರಣ ನನಗೆ ಕಾಣುತ್ತವೆ. ಅದಕ್ಕೊಂದು ಗೊತ್ತಾದ ದಿನ ಇದೆ, ಅದು ತಪ್ಪುವುದಿಲ್ಲ. ಅದರಲ್ಲಿ ಎಲ್ಲರಿಗೂ ಒಂದು ಕೆಲಸ ಇದೆ, ಬರೀ ಕೂತು ಕೇಳುವವರು ಕಡಿಮೆ. ಮೂರನೆಯದು, ಅಲ್ಲಿ ಮನೆಯ ಮಾತಿಗೆ ಮರ್ಯಾದೆ ಇದೆ. ವರ್ಷವಿಡೀ ಆಫೀಸಿನಲ್ಲಿ ಇಂಗ್ಲಿಷ್ ಆಡುವವರು ಅವತ್ತು ತಾತನ ಮಾತಿನಲ್ಲಿ ಪದ್ಯ ಹೇಳುತ್ತಾರೆ, ಮಕ್ಕಳು ಕೇಳಿಸಿಕೊಳ್ಳುತ್ತಾರೆ.

ನಮ್ಮ ಶಾಲೆಯೂ ಐದು ಮನೆಯ ಮೇಷ್ಟ್ರ ಕಥೆಯಂಥದ್ದೇ. ಊರಿನವರು ಜಾಗ ಬಿಟ್ಟುಕೊಟ್ಟು, ಗಾಡಿ ಕಟ್ಟಿ ಕಲ್ಲು ಮರಳು ಸಾಗಿಸಿ ಕಟ್ಟಿದ್ದು ಎಂದು ಹಿರಿಯರು ನಿನ್ನೆ ಹೇಳಿದರು. ಇವತ್ತು ಒಂಬತ್ತನೇ ತರಗತಿಯ ಎರಡು ವಿಭಾಗ ಒಂದಾಗಿದೆ. ಹಳದಿ ವ್ಯಾನು ಬೆಳಿಗ್ಗೆ ಊರಿಗೆ ಬಂದು ಮಕ್ಕಳನ್ನು ಪೇಟೆಗೆ ಕರೆದೊಯ್ಯುತ್ತದೆ. ಕಳಿಸುವ ಅಪ್ಪ ಅಮ್ಮಂದಿರನ್ನು ನಾನು ದೂರುವುದಿಲ್ಲ, ಮಕ್ಕಳು ಇಂಗ್ಲಿಷ್ ಕಲಿಯಲೇಬೇಕು. ಬರ್ನ್ಸ್ ಕೂಡ ಮರ್ಡಾಕ್ ಮೇಷ್ಟ್ರ ಹತ್ತಿರ ಕಲಿತದ್ದು ಇಂಗ್ಲಿಷನ್ನೇ. ಆದರೆ ಅದನ್ನು ಕಲಿತು ಅಮ್ಮನ ಮಾತನ್ನು ಬಿಡಲಿಲ್ಲ. ‘ಹಂಗೆ ಹಿಂಗೆ ಅನ್ನಬೇಡ, ಹಳ್ಳಿಗಮಾರ ಅಂತಾರೆ’ ಎಂದು ಮಕ್ಕಳಿಗೆ ಹೇಳುವ ಮೊದಲು ನಾವು ಒಂದು ಕ್ಷಣ ಯೋಚಿಸಬೇಕು.

ನನ್ನದೊಂದು ಕೋರಿಕೆ. ಸುವರ್ಣ ಮಹೋತ್ಸವ ನಾಳೆ ಮುಗಿಯುತ್ತದೆ, ಶಾಮಿಯಾನ ಬಿಚ್ಚುತ್ತಾರೆ. ವಜ್ರ ಮಹೋತ್ಸವದವರೆಗೆ ಕಾಯುವುದು ಬೇಡ. ವರ್ಷಕ್ಕೊಂದು ಸಂಜೆ, ತಪ್ಪದ ಒಂದು ತಾರೀಖಿಗೆ, ಇದೇ ಅಂಗಳದಲ್ಲಿ ಸೇರೋಣ. ಒಂದು ವರ್ಷ ಕುವೆಂಪು, ಒಂದು ವರ್ಷ ಬೇಂದ್ರೆ, ಒಂದು ವರ್ಷ ನಮ್ಮೂರಿನ ಸೋಬಾನೆ ಹಾಡುವ ಅಜ್ಜಿಯರು. ಮುದ್ದೆ ಸಾರಿನ ಊಟ. ಡ್ರೈವರ್ ಆದವರೂ ಡಾಕ್ಟರ್ ಆದವರೂ ಒಂದೊಂದು ಪದ್ಯ ಬಾಯಿಪಾಠ ಹೇಳಬೇಕು. ಭಾಷಣ ಒಂದೇ, ಅದರಲ್ಲಿ ನಿಜ ಇರಬೇಕು. ಹೆಣ್ಣುಮಕ್ಕಳು ಉತ್ತರ ಕೊಡಬೇಕು. ಕೊನೆಗೆ ಕೋಲಾಟ. ಮೊದಲ ವರ್ಷದ ಅಕ್ಕಿ, ರಾಗಿಯ ಖರ್ಚು ನಮ್ಮ 2005ರ ಬ್ಯಾಚಿನದು, ಗೆಳೆಯರನ್ನು ಕೇಳಿಯೇ ಹೇಳುತ್ತಿದ್ದೇನೆ. ಆಮೇಲೆ ವರ್ಷಕ್ಕೊಂದು ಬ್ಯಾಚು ಸರದಿ ಹಿಡಿಯಲಿ, ಮರ್ಡಾಕ್ ಮೇಷ್ಟ್ರ ಊಟದ ಸರದಿಯ ಹಾಗೆ.

ಆ ಮೇಷ್ಟ್ರ ಕಥೆಯ ಕೊನೆಯನ್ನೂ ಹೇಳಿಬಿಡುತ್ತೇನೆ. ಅವರು ಲಂಡನ್ನಿಗೆ ಹೋಗಿ ಪಾಠ ಹೇಳಿಕೊಂಡಿದ್ದು, ಮುಪ್ಪಿನಲ್ಲಿ ಬಡತನಕ್ಕೆ ಬಿದ್ದರು. ಆಗ ಬರ್ನ್ಸ್ ಬದುಕಿರಲಿಲ್ಲ. ಅವನ ಅಭಿಮಾನಿಗಳು, ನಮ್ಮ ಕವಿಗೆ ಅಕ್ಷರ ಕಲಿಸಿದವರು ಇವರು ಎಂದು ಹಣ ಕೂಡಿಸಿ ಕೊಟ್ಟರು. ಈ ಸಭೆಯಲ್ಲಿ ನಮ್ಮ ಮೇಷ್ಟ್ರುಗಳು ಎದುರಿಗೇ ಕೂತಿದ್ದಾರೆ. ಅವರಿಗೆ ಶಾಲು ಹೊದಿಸುವ ಭಾಗ್ಯ ನಮಗೆ ಅವರು ಗಟ್ಟಿಮುಟ್ಟಾಗಿರುವಾಗಲೇ ಸಿಕ್ಕಿದೆ. ನಾಳೆಯೂ ಅವರ ಮನೆ ಬಾಗಿಲಿಗೆ ಹೋಗಿ ‘ಹೇಗಿದ್ದೀರಿ ಸಾರ್’ ಎಂದು ಕೇಳುವ ರೂಢಿ ಇಟ್ಟುಕೊಳ್ಳೋಣ.

 ಜೈ ಕರ್ನಾಟಕ.